ಜಿಂಕೆಗೆ ಯಾವ ನಂಬರಿನ ಕೋವಿ?

ನಿಟ್ಟುವಳ್ಳಿ ಈಗ ದಾವಣಗೆರೆಯ ಹೊಟ್ಟೆಯೊಳಗೆ ಸೇರಿಹೋದ ಊರು. ಇಲ್ಲಿ ನಮ್ಮ ಓಣಿಯ ತುದಿಗೆ ಒಂದು ಗುಜರಿ ಅಂಗಡಿ ಐತಿ. ಹಳೇ ಕಬ್ಬಿಣ, ಒಡೆದ ಪ್ಲಾಸ್ಟಿಕ್ ಕೊಡಗಳ ನಡುವೆ ಹಳೇ ಪುಸ್ತಕಗಳೂ ತೂಕದ ಲೆಕ್ಕದಲ್ಲಿ ಸಿಗುತ್ತವೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆ ನಮ್ಮದು. ನಾವು ಓದಿದ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಆ ತಕ್ಕಡಿಯಿಂದಲೇ ಬಂದವು. ಒಂದು ದಿನ ಅಲ್ಲಿ ರಟ್ಟು ಕಿತ್ತುಹೋದ ಇಂಗ್ಲಿಷ್ ಬೇಟೆ ಪುಸ್ತಕವೊಂದು ಕೈಗೆ ಸಿಕ್ಕಿತು. ಯಾವನೋ ದೊರೆ ಬರೆದದ್ದು. ಹಿಂದಿನ ಪುಟಗಳಲ್ಲಿ ಒಂದು ಪಟ್ಟಿ ಇತ್ತು. ಒಂದು ಕಡೆ ಪ್ರಾಣಿಯ ಹೆಸರು, ಎದುರಿಗೆ ಅದನ್ನು ಹೊಡೆಯಲು ತಕ್ಕ ಕೋವಿಯ ನಂಬರು. ಚಿಗರಿಗೆ ಇಂಥದ್ದು, ಚುಕ್ಕಿ ಜಿಂಕೆಗೆ ಇಂಥದ್ದು, ಕಡವೆಗೆ ಇಂಥದ್ದು.

ನಾವು ಆ ಪಟ್ಟಿಯನ್ನು ಮೊದಲು ನಕ್ಕು ಓದಿದೆವು. ಆಮೇಲೆ ನಗು ನಿಂತಿತು. ಆ ನಂಬರುಗಳ ಹಿಂದೆ ಈ ನಾಡಿನ 150 ವರ್ಷಕ್ಕೂ ಮೀರಿದ ಚರಿತ್ರೆ ಅಡಗಿ ಕೂತಿದೆ. ಇದುವರೆಗೆ ಚರಿತ್ರೆ ಬರೆದವರು ಕೋವಿ ಹಿಡಿದವರು, ಇಲ್ಲವೇ ಅವರ ಅನ್ನ ಉಂಡವರು. ಅದಕ್ಕೇ ಈ ಲೇಖನ.

1

ಮೊದಲು ನಂಬರಿನ ಲೆಕ್ಕ ತಿಳಿಯೋಣ. ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು 12 ಬೋರಿನ ಕೋವಿ. ಏನಿದು 12? ಒಂದು ಪೌಂಡ್ ಸೀಸವನ್ನು 12 ಸಮ ಉಂಡೆ ಮಾಡಿದರೆ, ಅದರಲ್ಲಿ ಒಂದು ಉಂಡೆ ಯಾವ ನಳಿಗೆಯಲ್ಲಿ ಸರಿಯಾಗಿ ಕೂರುತ್ತದೋ ಅದು 12 ಬೋರು. 8 ಉಂಡೆ ಮಾಡಿದರೆ ಉಂಡೆ ದಪ್ಪ, ನಳಿಗೆಯೂ ದಪ್ಪ. ಅಂದರೆ ನಂಬರು ಇಳಿದಷ್ಟೂ ಕೋವಿ ದೊಡ್ಡದು. ಇದು ಚರೆ ಹಾಕುವ ನುಣುಪು ನಳಿಗೆಯ ಮಾತು. ರೈಫಲ್ಲಿನದು ಬೇರೆ. ಅದರ ನಳಿಗೆಯೊಳಗೆ ತಿರುಚಿದ ಗೀರುಗಳಿರುತ್ತವೆ, ಗುಂಡು ಸುತ್ತುತ್ತಾ ನೆಟ್ಟಗೆ ಹೋಗುತ್ತದೆ. ಅದರ ಅಳತೆ ಇಂಚಿನ ದಶಾಂಶದಲ್ಲಿ. .275, .303, .315, .375, .450 ಹೀಗೆ.

ಶಾಸ್ತ್ರದ ಪ್ರಕಾರ ನಮ್ಮ ಬಯಲುಸೀಮೆಯ ಚಿಗರಿ, ಅಂದರೆ ಕೃಷ್ಣಮೃಗ, ಜಿಂಕೆಯ ಜಾತಿಗೆ ಸೇರಿದ್ದಲ್ಲ. ಜಿಂಕೆಯ ಕೊಂಬು ಉದುರಿ ಮತ್ತೆ ಹುಟ್ಟುತ್ತದೆ, ಚಿಗರಿಯದು ಉದುರುವುದಿಲ್ಲ. ಆದರೆ ನಮ್ಮ ಜನಕ್ಕೆ ಎರಡೂ ಜಿಂಕೆಯೇ. ಚಿಗರಿ 35-40 ಕೆ.ಜಿ. ತೂಗುವ ಪ್ರಾಣಿ. ಬಯಲಲ್ಲಿ ದೂರದಿಂದಲೇ ಮನುಷ್ಯನನ್ನು ಕಂಡು ಜಿಗಿಯುತ್ತದೆ. ಅದಕ್ಕೆ ದೂರಕ್ಕೆ ನೆಟ್ಟಗೆ ಹೋಗುವ ಸಣ್ಣ ಗುಂಡು ಸಾಕು. ಕಡವೆ 200 ಕೆ.ಜಿ. ದಾಟುತ್ತದೆ, ಕಾಡಿನ ಮರೆಯಲ್ಲಿರುತ್ತದೆ, ಅದಕ್ಕೆ ತೂಕದ ಗುಂಡು ಬೇಕು. ಗುಂಡು ಸಣ್ಣದಾದರೆ ಪ್ರಾಣಿ ಗಾಯಗೊಂಡು ಓಡಿ ಎಲ್ಲೋ ನರಳಿ ಸಾಯುತ್ತದೆ. ದೊಡ್ಡದಾದರೆ ಮಾಂಸ ಛಿದ್ರವಾಗುತ್ತದೆ. ಪ್ರಾಣಿಯ ಮೈಗೆ ತಕ್ಕ ಗುಂಡು ಆರಿಸುವುದೇ ಒಳ್ಳೇ ಬೇಟೆಗಾರನ ಧರ್ಮ ಎಂದು ಆ ಪುಸ್ತಕ ಹೇಳುತ್ತದೆ.

ಕೇಳಲಿಕ್ಕೆ ಚೆಂದ. ಆದರೆ ಹಿಂದೂಸ್ಥಾನದಲ್ಲಿ ಯಾರ ಕೈಗೆ ಯಾವ ನಂಬರು ಎಂಬುದನ್ನು ಜಿಂಕೆಯ ಮೈ ತೀರ್ಮಾನ ಮಾಡಿತೇ? ಇಲ್ಲ. ಪ್ರಭುತ್ವದ ಭಯ ತೀರ್ಮಾನ ಮಾಡಿತು.

2

ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಹಲಗಲಿ ಬೇಡರ ಲಾವಣಿ ಓದಿದ್ದು ನೆನಪಿರಬೇಕು. ನಾವು ಅದನ್ನು ಭಾವಾರ್ಥ ಬರೆದು ಅಂಕ ತೆಗೆದುಕೊಂಡು ಮರೆತೆವು. ಅದು ಏನು ಕಥೆ? 1857ರ ದಂಗೆಯಾದ ಮೇಲೆ ಕುಂಪಣಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಜನ ತಮ್ಮ ಆಯುಧಗಳನ್ನು ತಂದೊಪ್ಪಿಸಬೇಕು, ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಾರದು. ಮುಧೋಳ ಸಂಸ್ಥಾನದ ಹಲಗಲಿ ಎಂಬ ಸಣ್ಣ ಊರಿನ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧ ಅಂದರೆ ಒಕ್ಕಲಿಗನಿಗೆ ನೇಗಿಲಿದ್ದಂತೆ. ಬೇಟೆ ಅದರಿಂದ, ಊರ ಕಾವಲು ಅದರಿಂದ, ಮಾನ ಅದರಿಂದ. ಹನುಮ, ಬಾಲ, ಜಡಗ, ರಾಮ ಮುಂದಾಳುಗಳು. ಸುತ್ತಲ ಊರುಗಳ ಬೇಡರೂ ಬಂದು ಸೇರಿದರು. ನವೆಂಬರ್ ಕೊನೆಯಲ್ಲಿ ಕುಂಪಣಿ ದಂಡು ಊರಿನ ಮೇಲೆ ಬಿದ್ದು ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೆ ಹಾಕಿದರು. 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲೇ, ಅವರ ಹೆಂಡರು ಮಕ್ಕಳ ಕಣ್ಣ ಮುಂದೆ.

ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ವಿಚಿತ್ರ ನೋಡಿ. ಕೊಂದ ಸರ್ಕಾರದ ಅಧಿಕಾರಿ ಹಾಡು ಉಳಿಸಿದ. ಆದರೆ ಹಾಡು ಕಟ್ಟಿ ಹಾಡಿದವರು ಯಾರು? ಓದು ಬರಹ ಇಲ್ಲದ ನಮ್ಮ ಜನ.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ನಾವು ಬೇಡರ ಪಾಳೇಗಾರಿಕೆಯನ್ನು ಹೊಗಳಿ ಕುಣಿಯುವವರಲ್ಲ. ನಮ್ಮ ಪಕ್ಕದ ಚಿತ್ರದುರ್ಗವನ್ನು ಬೇಡ ನಾಯಕರು ಆಳಿದರು. 1779ರಲ್ಲಿ ಹೈದರಾಲಿ ಕೋಟೆ ಗೆದ್ದು ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಎಳೆದೊಯ್ದ. ಇದು ಘೋರ. ಆದರೆ ನಾಯಕರ ಕಾಲದಲ್ಲೂ ನಮ್ಮ ಕೇರಿ ಊರ ಹೊರಗೇ ಇತ್ತು. ಹೈದರನ ಕಾಲದಲ್ಲೂ ಹೊರಗೇ, ದೊರೆಗಳ ಕಾಲದಲ್ಲೂ ಹೊರಗೇ. ಕೋಟೆ ಯಾರದಾದರೂ ಸತ್ತ ದನ ಹೊರುವವರು ನಾವೇ. ಹಾಗಿದ್ದರೂ ಹಲಗಲಿ ನಮ್ಮದು ಅನ್ನುತ್ತೇವೆ. ಯಾಕಂದರೆ ಅಲ್ಲಿ ಎದ್ದವನು ಅರಸನಲ್ಲ, ಬೇಟೆಯಾಡಿ ಹೊಟ್ಟೆ ಹೊರೆಯುವ ಸಾಮಾನ್ಯ ಮನುಷ್ಯ.

3

ಹಲಗಲಿಯ ಬೂದಿ ಆರಿದ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಒಂದು ಪ್ರಕಟಣೆ ಹೊರಡಿಸಿದ. ಕೊಡವರು ಸರ್ಕಾರಕ್ಕೆ ನಿಷ್ಠರಾಗಿದ್ದರಿಂದ ಅವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಎಂದು. ಆ ವಿನಾಯಿತಿ ರೂಪ ಬದಲಿಸುತ್ತಾ ಇಂದಿಗೂ ಇದೆ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಲೈಸೆನ್ಸ್ ಬೇಡ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡವ ಗೆಳೆಯರ ಮೇಲೆ ನಮಗೆ ಹಗೆ ಇಲ್ಲ. ಕೋವಿ ಅವರ ಹಬ್ಬದ್ದು, ಮನೆಯದ್ದು. ನಮ್ಮ ಪ್ರಶ್ನೆ ಬೇರೆ. ಅದೇ ಕೊಡಗಿನ ಅದೇ ಕಾಡಲ್ಲಿ ತಲೆತಲಾಂತರದಿಂದ ಬದುಕಿದ ಯರವರ, ಕುರುಬರ ಹೆಸರು ಆ ವಿನಾಯಿತಿಯಲ್ಲಿ ಯಾಕಿಲ್ಲ? ಕಾಡು ಬಲ್ಲವನಿಗೆ ಕೋವಿ ಸಿಗಲಿಲ್ಲ. ಭೂಮಿ ಇದ್ದವನಿಗೆ, ನಿಷ್ಠೆ ತೋರಿದವನಿಗೆ ಸಿಕ್ಕಿತು.

ಇನ್ನು 1871. ಆ ವರ್ಷ ಅಪರಾಧಿ ಬುಡಕಟ್ಟು ಕಾಯ್ದೆ ಬಂತು. ಹುಟ್ಟಿದ ಕೂಸಿನ ಹಣೆಗೇ ಕಳ್ಳ ಎಂದು ಮುದ್ರೆ. ಏಳು ವರ್ಷ ಬಿಟ್ಟು 1878ರಲ್ಲಿ ಲಿಟ್ಟನ್ ವೈಸರಾಯ್ ಆಗಿದ್ದಾಗ ಶಸ್ತ್ರಾಸ್ತ್ರ ಕಾಯ್ದೆ ಬಂತು. ಕರಿಯರಿಗೆ ಲೈಸೆನ್ಸ್, ಬಿಳಿಯರಿಗೆ ವಿನಾಯಿತಿ.

ಆ 1878 ಎಂಥ ವರ್ಷ ಗೊತ್ತೇ? ನಮ್ಮ ಸೀಮೆಯನ್ನು ಮಹಾ ಕ್ಷಾಮ ತಿಂದು ಮುಗಿಸಿದ ವರ್ಷ. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು, ದಾವಣಗೆರೆಯೂ ಅದರಲ್ಲೇ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಆ ಸತ್ತವರಲ್ಲಿ ಹೊಲ ಇಲ್ಲದವರು, ಕಣಜ ಇಲ್ಲದವರು ಎಷ್ಟಿದ್ದರು ಎಂದು ಹೇಳಬೇಕಾಗಿಲ್ಲ. ಅದೇ 1878ರಲ್ಲಿ, ಇದೇ ಮೈಸೂರು ಸೀಮೆಯಲ್ಲಿ ನೌಕರಿ ಮಾಡುತ್ತಿದ್ದ ಸ್ಯಾಂಡರ್ಸನ್ ಎಂಬ ಇಂಗ್ಲಿಷಿನವನು ತನ್ನ 13 ವರ್ಷಗಳ ಬೇಟೆಯ ಅನುಭವದ ಪುಸ್ತಕ ಪ್ರಕಟಿಸಿದ. ಆನೆಗೆ ಯಾವ ಬೋರು, ಕಾಟಿಗೆ ಯಾವ ಬೋರು ಎಂದು ದೊರೆಗಳು ವಾದ ಮಾಡುತ್ತಿದ್ದ ಹೊತ್ತಿನಲ್ಲಿ ನಮ್ಮವರು ಕತ್ತಾಳೆ ಗಡ್ಡೆ ಅಗೆದು ತಿನ್ನುತ್ತಿದ್ದರು.

4

ಈಗ ಮುಖ್ಯ ವಿಷಯಕ್ಕೆ ಬರೋಣ. ಬ್ರಿಟಿಷ್ ಸೈನ್ಯದ ಕೈಲಿ ಮೊದಲು ಮಾರ್ಟಿನಿ-ಹೆನ್ರಿ ಎಂಬ .450ರ ಬಂದೂಕು ಇತ್ತು. 1888ರಿಂದ .303 ಬಂತು. ಈ ಎರಡೂ ನಂಬರುಗಳು ಬೇಟೆಗೂ ಒಳ್ಳೆಯವು. .303 ಅಂತೂ ಜಿಂಕೆಗೆ ಹೇಳಿ ಮಾಡಿಸಿದಂಥದ್ದು. ಆದರೆ ಸರ್ಕಾರಕ್ಕೆ ಭಯ ಹತ್ತಿತು. ಖಾಸಗಿ ಕೋವಿಯ ನಂಬರೂ ಸೈನ್ಯದ ನಂಬರೂ ಒಂದೇ ಆದರೆ, ನಾಳೆ ದಂಗೆಯಾದಾಗ ಸೈನ್ಯದ ತೋಟಾ ಕದ್ದು ಜನ ಸೈನ್ಯದ ಮೇಲೇ ಹಾರಿಸಿದರೆ? ಹಿಂದಿನ ಶತಮಾನದ ಮೊದಲ ದಶಕದಲ್ಲಿ ಹಿಂದೂಸ್ಥಾನದಲ್ಲಿ .303 ಮತ್ತು .450 ಖಾಸಗಿ ಕೋವಿಗಳಿಗೆ ನಿಷೇಧ ಬಿತ್ತು.

ಬಂಡವಾಳದವನು ಸುಮ್ಮನಿರುತ್ತಾನೆಯೇ? ಇಂಗ್ಲೆಂಡಿನ ಕೋವಿ ಕಂಪನಿಗಳು ಕೂಡಲೇ .465, .470, .475 ಎಂದು ಹೊಸ ನಂಬರು ಹುಟ್ಟಿಸಿದವು. ಕೂದಲೆಳೆಯಷ್ಟು ದಪ್ಪ ಮಾಡಿ ಕಾನೂನು ದಾಟಿದವು. ಆನೆ ಹೊಡೆಯುವ ದೊರೆಗೆ, ಮಹಾರಾಜನಿಗೆ ಏನೂ ಕಮ್ಮಿಯಾಗಲಿಲ್ಲ. ಜಿಂಕೆ ಹೊಡೆಯುವ ಸಣ್ಣ ಶ್ರೀಮಂತನಿಗೆ ಬಂದದ್ದು .315. ಅದು ಆಸ್ಟ್ರಿಯಾ ದೇಶದ 8 ಮಿಲಿಮೀಟರ್ ತೋಟಾದ ಅಳತೆ. ಬ್ರಿಟಿಷ್ ಸೈನ್ಯದ ತೋಟಾ ಇದರ ನಳಿಗೆಗೆ ಹೊಂದುವುದಿಲ್ಲ, ಇದರದ್ದು ಅದಕ್ಕೆ ಹೊಂದುವುದಿಲ್ಲ. ಅದೇ ಅದರ ಹಿರಿಮೆ. ಸ್ವಾತಂತ್ರ್ಯ ಬಂದಮೇಲೂ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆ ಅದೇ .315 ಮಾಡಿತು. ಇಂದಿಗೂ ಈ ದೇಶದ ಸಾಮಾನ್ಯ ಲೈಸೆನ್ಸಿಗೆ ಸಿಗುವ ರೈಫಲ್ ಅಂದರೆ ಬಹುಪಾಲು ಅದೇ. 'ನಿಷೇಧಿತ ಬೋರು', 'ನಿಷೇಧವಿಲ್ಲದ ಬೋರು' ಎಂಬ ಗೆರೆಯೂ ಹಾಗೇ ಉಳಿಯಿತು. ಬಿಳಿಯ ಹೋದ, ಅವನ ಭಯ ಮಾತ್ರ ನಮ್ಮ ಕಾನೂನಿನ ಪುಸ್ತಕದಲ್ಲಿ ಕೂತಿತು.

ಹೀಗೆ ನೋಡಿದರೆ .315 ಎನ್ನುವುದು ಜಿಂಕೆಯ ಎದೆ ಅಳೆದು ಬಂದ ನಂಬರಲ್ಲ. ಅದು 1857ರ ಮಗು. ಅದರ ನಳಿಗೆಯೊಳಗೆ ಕಣ್ಣಿಟ್ಟು ನೋಡಿದರೆ ಆ ತುದಿಯಲ್ಲಿ ಹಲಗಲಿ ಕಾಣುತ್ತದೆ.

5

'ಆಯ್ತಪ್ಪಾ, ಕೋವಿ ಮೇಲ್ಜಾತಿಯವನಿಗೂ ಸುಲಭಕ್ಕೆ ಸಿಗಲಿಲ್ಲವಲ್ಲ, ಇದರಲ್ಲಿ ದಲಿತರ ಮಾತು ಎಲ್ಲಿಂದ ಬಂತು?' ಎಂದು ಕೆಲವರು ಕೇಳಬಹುದು. ಕೇಳಲಿ. ಉತ್ತರ ಕಾನೂನಿನಲ್ಲೇ ಇದೆ.

1959ರ ಶಸ್ತ್ರಾಸ್ತ್ರ ಕಾಯ್ದೆ ಯಾರಿಗೆ ಲೈಸೆನ್ಸ್ ಕೊಡಲೇಬೇಕು ಎಂದು ಹೇಳುವಾಗ ಎರಡು ಬಗೆ ಹೇಳುತ್ತದೆ. ಆತ್ಮರಕ್ಷಣೆಗೆ ಅಥವಾ ಬೇಟೆ-ಕ್ರೀಡೆಗೆ 20 ಇಂಚಿಗೆ ಕಮ್ಮಿ ಇಲ್ಲದ ನುಣುಪು ನಳಿಗೆಯ ಕೋವಿ. ನಿಜವಾದ ಬೆಳೆ ರಕ್ಷಣೆಗೆ ಮೂತಿಯಿಂದ ಮದ್ದು ತುಂಬುವ ಕೋವಿ. ಬೆಳೆ ರಕ್ಷಣೆ! ಬೆಳೆ ಯಾರಿಗಿರುತ್ತದೆ? ಹೊಲ ಇದ್ದವನಿಗೆ. ಪಹಣಿಯಲ್ಲಿ ಹೆಸರಿದ್ದವನಿಗೆ. ಗೌಡನ ಜೋಳದ ಹೊಲವನ್ನು ರಾತ್ರಿಯೆಲ್ಲಾ ಕಾದು ಚಿಗರಿ ಓಡಿಸುವ ಜೀತದಾಳಿನ ಕೈಗೆ ಕವಣೆ ಕಲ್ಲು. ಕೋವಿ ಗೌಡನ ಗೋಡೆಯ ಗೂಟದ ಮೇಲೆ.

ಕೋವಿ ಯಾವ ನಂಬರಿನದೇ ಇರಲಿ, ಬೇಟೆ ಎಬ್ಬಿಸದಿದ್ದರೆ ಅದು ಬರೀ ಕಬ್ಬಿಣ. ಮಲೆನಾಡಿನವರು ಇದಕ್ಕೆ ಹಳು ನುಗ್ಗುವುದು ಅನ್ನುತ್ತಾರೆ. ಕೋವಿಯವರು ಆಯಕಟ್ಟಿನ ಜಾಗದಲ್ಲಿ ಬಿಲ್ಲಿಗೆ ನಿಲ್ಲುತ್ತಾರೆ. ಹಳು ನುಗ್ಗುವವರು ಮುಳ್ಳು, ಪೊದೆ, ಹಾವು, ಹಂದಿ ಏನೂ ನೋಡದೆ ಕೂಗುತ್ತಾ ಬಡಿಯುತ್ತಾ ಪ್ರಾಣಿಯನ್ನು ಕೋವಿಯ ಬಾಯಿಗೆ ತಳ್ಳುತ್ತಾರೆ. ಅವರು ಯಾರು? ಹೇಳಬೇಕೆ? ಜಿಮ್ ಕಾರ್ಬೆಟ್ 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಅವನಿಗೆ ರಿಗ್ಬಿ ಕಂಪನಿಯ .275 ರೈಫಲ್ ಉಡುಗೊರೆ ಸಿಕ್ಕಿದ್ದು ಜಗತ್ತಿಗೆ ಗೊತ್ತು. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ .405 ವಿಂಚೆಸ್ಟರ್ ಹಿಡಿಯುತ್ತಿದ್ದ ಎಂದು ತೇಜಸ್ವಿಯವರ ಕಾಡಿನ ಕತೆಗಳನ್ನು ಓದಿದ ಹುಡುಗರೆಲ್ಲ ಬಲ್ಲರು. ಕೋವಿಗಳಿಗೂ ಹೆಸರಿದೆ, ನಂಬರಿದೆ, ಗಾಜಿನ ಪೆಟ್ಟಿಗೆ ಇದೆ. ಮುಂದೆ ನಡೆದವರಿಗೆ?

ನಮ್ಮಜ್ಜನ ಎಡಗಾಲಿನ ಮೀನಖಂಡದಲ್ಲಿ ಎರಡು ಗುಳಿಗಳಿದ್ದವು. ಸಣ್ಣವರಿದ್ದಾಗ ನಾವು ಅದನ್ನು ಸಿಡುಬಿನ ಕಲೆ ಅಂದುಕೊಂಡಿದ್ದೆವು. ಆತ ಹತ್ತಿ ಗಿರಣಿಯ ಕೂಲಿ ಹುಡುಕಿಕೊಂಡು ದಾವಣಗೆರೆಗೆ ಬರುವುದಕ್ಕೆ ಮೊದಲು ಚನ್ನಗಿರಿ ಕಡೆಯ ಒಂದು ಊರಲ್ಲಿ ಆಳಾಗಿದ್ದ. ಯುಗಾದಿ ಮುಗಿದ ಮೇಲೆ ಊರ ಬೇಟೆ ಹೊರಡುತ್ತಿತ್ತು. ಕೇರಿಯವರೆಲ್ಲ ತಮಟೆ ತಗೊಂಡು ಬರಬೇಕು ಅಂತ ಹೇಳಿ ಕಳಿಸೋರು. ಸಾವಿಗೆ ಬಡಿಯುವ ತಮಟೆ, ಜಾತ್ರೆಗೆ ಬಡಿಯುವ ತಮಟೆ, ಆವತ್ತು ಜಿಂಕೆಗೆ. ಆ ಪುಸ್ತಕ ಸಿಕ್ಕ ದಿನ ನಾವು ಆತನ ಮುಂದೆ ಪಟ್ಟಿ ಓದಿ, 'ಅಜ್ಜಾ, ನಿಮ್ಮೂರಾಗೆ ಜಿಂಕಿಗೆ ಯಾವ ನಂಬರಿನ ಕೋವಿ ಹಿಡೀತಿದ್ರು?' ಎಂದು ಕೇಳಿದೆವು.

'ನಂಬರ್ ನನಗೇನ್ ಗೊತ್ತೋ ತಮ್ಮಾ. ಕೋವಿ ಅವರದು, ತಮಟೆ ನಮ್ಮದು. ಜಿಂಕಿಗೆ ಅಂತ ಹಾಕಿದ ಚರೆ, ಜಿಂಕಿ ಹಾರಿ ಹೋತು, ನನ್ನ ಕಾಲಿಗೆ ಬಿತ್ತು' ಎಂದು ಪಂಚೆ ಎತ್ತಿ ಗುಳಿ ತೋರಿಸಿದ. ಚರೆಯನ್ನು ಕೇರಿಯ ಮುದುಕಿಯೊಬ್ಬಳು ಸೂಜಿ ಕಾಯಿಸಿ ತೆಗೆದಿದ್ದಳಂತೆ. ಪೊಲೀಸರಿಗೆ ಹೇಳಲಿಲ್ಲವೇ ಎಂದರೆ ನಕ್ಕ. ಪಾಲು ಹಂಚುವಾಗ ಕೋವಿಗೊಂದು ಪಾಲು, ಹೊಡೆದವನಿಗೆ ತಲೆ ಮತ್ತು ಚರ್ಮ, ನಾಯಿಗೂ ಒಂದು ಪಾಲು ತೆಗೆದರಂತೆ. ಕೇರಿಗೆ ಬಂದದ್ದು ಕರುಳು. 'ಆ ಸಲ ಗಾಯ ಆಗಿತ್ತಲ್ಲ, ಅದಕ್ಕೆ ನನಗೊಂದು ತುಂಡು ತೊಡೆ ಹೆಚ್ಚಿಗೆ ಕೊಟ್ರು' ಎಂದು ಹೇಳುವಾಗ ಆತನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಮಗೆ ಹೊಟ್ಟೆಯೊಳಗೆ ಬೆಂಕಿ ಹೊತ್ತಿದ್ದು ಅದಕ್ಕೇ.

6

ಹಾಗಾದರೆ ನಾವು ಕೋವಿ ಕೇಳುತ್ತಿದ್ದೇವೆಯೇ? ಇಲ್ಲ ಗೆಳೆಯರೇ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತರು ಆಯುಧ ಹೊಂದುವುದು ಮೂಲಭೂತ ಹಕ್ಕಾಗಬೇಕು ಎಂದು ತಿದ್ದುಪಡಿ ತಂದಾಗ ಬಾಬಾಸಾಹೇಬರು ಅದನ್ನು ಒಪ್ಪಲಿಲ್ಲ. ನಮಗೆ ಅನಿಸುವುದು ಇಷ್ಟು. ಜಾತಿಯ ಊರಿನಲ್ಲಿ ಎಲ್ಲರಿಗೂ ಕೋವಿಯ ಹಕ್ಕು ಅಂದರೆ, ಕೋವಿ ಕೊಳ್ಳುವ ದುಡ್ಡಿದ್ದವನಿಗೆ ಹಕ್ಕು ಎಂದರ್ಥ. ಅದರ ಬಾಯಿ ಯಾವ ಕಡೆ ತಿರುಗುತ್ತದೆ ಎಂದು ಕೇರಿಯವರಿಗೆ ಹೇಳಿಕೊಡಬೇಕಿಲ್ಲ.

ಜಿಂಕೆಯನ್ನು ಕೊಲ್ಲಲಿಕ್ಕೂ ನಾವು ಕೇಳುತ್ತಿಲ್ಲ. 1972ರ ವನ್ಯಜೀವಿ ಕಾಯ್ದೆ ಕೃಷ್ಣಮೃಗವನ್ನು ಕಾಪಾಡಿತು. 1991ರ ತಿದ್ದುಪಡಿ ಲೈಸೆನ್ಸ್ ಪಡೆದು ಆಡುವ ಬೇಟೆಯನ್ನೂ ನಿಲ್ಲಿಸಿತು. ಹರಿಹರದ ಹೊಳೆ ದಾಟಿದರೆ ರಾಣೆಬೆನ್ನೂರು. ಅಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ನಮ್ಮ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗೆ ಅಭಯಾರಣ್ಯವಾಯಿತು. ಒಳ್ಳೆಯದೇ. ಬಂದೂಕಿನ ಪಟ್ಟಿ ಬರೆದವರು ಮುಗಿಸಿದ ಪ್ರಾಣಿಗಳಲ್ಲಿ ಉಳಿದವು ಬದುಕಲಿ. ಈಗ ಜಿಂಕೆಗೆ ಯಾವ ನಂಬರು ಎಂಬ ಪ್ರಶ್ನೆಗೆ ಒಂದೇ ಉತ್ತರ. ಯಾವುದೂ ಇಲ್ಲ.

ಆದರೆ ಕಾನೂನಿನ ಭಾರ ಯಾರ ಬೆನ್ನ ಮೇಲೆ ಬಿತ್ತು ನೋಡಿ. ದೊರೆ ತನ್ನ ಕೊಂಬುಗಳನ್ನು ಗೋಡೆಗೆ ಹೊಡೆದು ಊರಿಗೆ ಹೋದ. ಮಹಾರಾಜರ ಬೇಟೆಯ ಕಾಡು ಅಭಯಾರಣ್ಯವಾಗಿ ಹೆಸರು ಗಳಿಸಿತು. ಬಲೆ, ಉರುಲು ಹಿಡಿದು ಅಂದಂದಿನ ಅನ್ನ ದುಡಿಯುತ್ತಿದ್ದ ಹಕ್ಕಿಪಿಕ್ಕಿಗಳು ಒಂದೇ ರಾತ್ರಿಗೆ ಅಪರಾಧಿಗಳಾದರು. ನಮ್ಮ ಚನ್ನಗಿರಿ ಕಡೆಯಲ್ಲೂ ಅವರ ಕ್ಯಾಂಪುಗಳಿವೆ. ಬೇಟೆ ಬಿಟ್ಟವರು ಗಿಡಮೂಲಿಕೆ ಎಣ್ಣೆ ಮಾರುತ್ತಾ ದೇಶ ದಾಟಿದರು. 2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದಲ್ಲಿ ಯುದ್ಧ ಹತ್ತಿದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡ ನಾಡಿನವರಲ್ಲಿ ಇವರೇ ಬಹಳ ಮಂದಿ. ಬೇಟೆ ಬಿಡಿ ಎಂದ ಸರ್ಕಾರ ಬದಲಿಗೆ ಕೈಗೆ ಏನು ಕೊಟ್ಟಿತು? ಭೂಮಿ ಕೊಟ್ಟಿದ್ದರೆ ಆಫ್ರಿಕಾದ ಗುಂಡಿನ ನಡುವೆ ಎಣ್ಣೆ ಬಾಟಲಿ ಹಿಡಿದು ಯಾಕೆ ನಿಲ್ಲುತ್ತಿದ್ದರು? 2006ರ ಅರಣ್ಯ ಹಕ್ಕು ಕಾಯ್ದೆ ಬೇಟೆಯನ್ನು ಹಕ್ಕುಗಳಿಂದ ಹೊರಗಿಟ್ಟಿದೆ. ಇರಲಿ. ಆದರೆ ಭೂಮಿಯನ್ನು ಒಳಗಿಟ್ಟಿದೆ. ಆ ಪಟ್ಟಾ ಕಾಗದವನ್ನು ಕೊಡಿ. ನಮ್ಮ ಬೇಡಿಕೆ ಕೋವಿಯ ಲೈಸೆನ್ಸಲ್ಲ, ಪಹಣಿಯಲ್ಲಿ ಹೆಸರು.

ಕೊನೆಗೆ ಒಂದು ಕೆಲಸ. ಇದನ್ನು ಓದುವ ಹಳ್ಳಿ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಸಂಘಟನೆಯ ಸಂಗಾತಿಗಳೇ, ಈ ಸಲ ಊರಿಗೆ ಹೋದಾಗ ಕೇರಿಯ ಹಿರಿಯರ ಹತ್ತಿರ ಕೂತು ಕೇಳಿ. ಬೇಟೆಗೆ ಕೋವಿ ಯಾರದಿತ್ತು, ಲೈಸೆನ್ಸ್ ಯಾರ ಹೆಸರಲ್ಲಿತ್ತು, ಮುಂದೆ ನಡೆದವರು ಯಾರು, ಗಾಯ ಆದವರು ಯಾರು, ಪಾಲು ಹೇಗೆ ಹಂಚಿದರು. ನೋಟ್‌ಬುಕ್ಕಿನಲ್ಲಿ ಬರೆದಿಡಿ. ದೊರೆಗಳ ಪಟ್ಟಿಯಲ್ಲಿ ಎರಡು ಕಾಲಂ ಇದ್ದವು, ಪ್ರಾಣಿಯದು ಮತ್ತು ಕೋವಿಯದು. ಮೂರನೆಯದನ್ನು ನಾವು ಬರೆಯಬೇಕು.

ನಮ್ಮಜ್ಜ ಹೋಗಿ ವರ್ಷವಾಯಿತು. ಹೂಳುವ ಮುಂಚೆ ಮೈ ತೊಳೆಯುವಾಗ ಆ ಎರಡು ಗುಳಿಗಳನ್ನು ಕೈಯಿಂದ ಮುಟ್ಟಿ ನೋಡಿದೆವು. ಹೊರಗೆ ಓಣಿಯಲ್ಲಿ ತಮಟೆ ಬಡಿಯುತ್ತಿತ್ತು. ಆ ಪುಸ್ತಕದ ಪಟ್ಟಿಯ ಅಂಚಿನ ಖಾಲಿ ಜಾಗದಲ್ಲಿ ಆತನ ಹೆಸರು ಬರೆದಿಟ್ಟಿದ್ದೇವೆ.